ಹೀರೋ ಮುಖ ಮುಚ್ಚಿ ಮುಖಪುಟ ನೋಡಿದೆ: ನನ್ನ ಅನುಭವ

ಹಳೇ ಸಿನಿಮಾ ಪತ್ರಿಕೆ ಕೂಡಿಡುವವರಿಗೆಲ್ಲ ಈ ತಲೆನೋವು ಗೊತ್ತು. ಅವೆನ್ಯೂ ರಸ್ತೆಯಲ್ಲಿ ಸಿಗುವ ಕಟ್ಟಿನಲ್ಲಿ ಅರ್ಧಕ್ಕರ್ಧ ಬರೀ ಮುಖಪುಟಗಳು. ಒಳಗಿನ ಹಾಳೆ ಎಂದೋ ರದ್ದಿಗೆ ಹೋಗಿರುತ್ತದೆ. ಯಾವ ತಿಂಗಳು, ಯಾವ ವರ್ಷ ಅಂತ ಅಚ್ಚಾಗಿದ್ದ ಪುಟವೂ ಅದರ ಜೊತೆಗೇ ಹೋಗಿರುತ್ತದೆ. ಉಳಿದ ಮುಖಪುಟ ಯಾವ ಕಾಲದ್ದು ಅಂತ ಹೇಳುವುದು ಊಹೆಯ ಆಟ. ವಿನ್ಯಾಸ ಅಳೆದೇ ಕಾಲ ಹೇಳುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಎಲ್ಲರೂ ನಕ್ಕರು. "ಹೀರೋ ವಿಗ್ ನೋಡಿದ್ರೆ ಗೊತ್ತಾಗುತ್ತೆ ಗುರು, ಅದಕ್ಕೆ ಸ್ಕೇಲ್ ಯಾಕೆ?" ಅಂದರು. ಈಗ ಅವರೇ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ "ಇದು ಯಾವ ವರ್ಷದ್ದು ನೋಡಿ ಹೇಳಿ" ಅನ್ನುತ್ತಾರೆ.

ವಿಗ್ ನಂಬಬಾರದು. ನಾನು ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ ಮಾಡಿದವನು, ಫೋಟೊ ಇಡುವ ಬೀರುವಿನ ಕಥೆ ನನಗೆ ಗೊತ್ತು. ಒಳ್ಳೆಯ ಕಲರ್ ಟ್ರಾನ್ಸ್‌ಪರೆನ್ಸಿ, ಅಂದರೆ ಅಚ್ಚಿಗೆ ಬಳಸುವ ಪಾರದರ್ಶಕ ಬಣ್ಣದ ಫಿಲ್ಮ್, ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕಿದ್ದನ್ನು ಕವರಿನಲ್ಲಿಟ್ಟು ನಾಲ್ಕೈದು ವರ್ಷ ತಿರುಗಿಸಿ ಮುರುಗಿಸಿ ಬಳಸುತ್ತಿದ್ದರು. ತಿರುಗಿಸಿ ಅಂದರೆ ನಿಜವಾಗಿಯೇ ತಿರುಗಿಸಿ. ನಟಿ ಪುಟದ ಹೊರಗೆ ನೋಡುತ್ತಿದ್ದರೆ ಫಿಲ್ಮ್ ಮಗುಚಿ ಒಳಗೆ ನೋಡುವಂತೆ ಮಾಡುತ್ತಿದ್ದರು. ಸೆರಗು ಬಲ ಹೆಗಲಿಗೆ ಬಂದಿದ್ದು, ಅಂಗಿಯ ಗುಂಡಿ ಆ ಕಡೆಯಿಂದ ಈ ಕಡೆಗೆ ಹೋಗಿದ್ದು ನನ್ನ ರಾಶಿಯಲ್ಲೇ ಬೇಕಾದಷ್ಟಿವೆ. ಫೋಟೊ ತೆಗೆದ ವರ್ಷವೇ ಬೇರೆ, ಪುಟ ಕಟ್ಟಿದ ವರ್ಷವೇ ಬೇರೆ. ನನಗೆ ಬೇಕಾಗಿದ್ದು ಎರಡನೆಯದು.

ಮೊದಲು ಕಂಪ್ಯೂಟರ್ ಮೇಲೆ ದುಡ್ಡು ಸುರಿದೆ. ಸೆಕೆಂಡ್ ಹ್ಯಾಂಡ್ ಸ್ಕ್ಯಾನರಿಗೆ ಒಂಬತ್ತು ಸಾವಿರ ಚಿಲ್ಲರೆ ಹೋಯಿತು. ದೊಡ್ಡ ಅಳತೆಯ ಪತ್ರಿಕೆ ಅದರ ಗಾಜಿನ ಮೇಲೆ ಹಿಡಿಸಲಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿ ಜೋಡಿಸಬೇಕಾಯಿತು. ಆಮೇಲೆ ಮೋರೇ (moiré) ಅನ್ನುವ ಅಲೆಗೆರೆಗಳ ಕಾಟ. ಅಚ್ಚಿನ ಚುಕ್ಕೆಗೂ ಸ್ಕ್ಯಾನರಿನ ಗೆರೆಗೂ ಜಗಳ ಬಿದ್ದು ನಟಿಯ ಕೆನ್ನೆ ಮೇಲೆ ಸೊಳ್ಳೆಪರದೆ ಎದ್ದಿತು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಸ್ವಲ್ಪ ಮಸುಕು ಮಾಡಿ, ಆಮೇಲೆ ಇಳಿಸಿದರೆ ಸರಿಹೋಗುತ್ತದೆ. ಅಷ್ಟು ನಿಮಗೂ ಗೊತ್ತಿರುತ್ತದೆ.

ನಂತರ ಬಣ್ಣ ಎಣಿಸುವ ಪ್ರೋಗ್ರಾಂ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬರೆದುಕೊಟ್ಟ, ಮೂರು ಸಾವಿರ ಕೊಟ್ಟೆ. ಯಾವ ಮುಖಪುಟ ಹಾಕಿದರೂ ಅದರ ಮೊದಲ ಉತ್ತರ ಒಂದೇ: ಕಂದು. ಕಾಗದ ಹಳದಿಯಾಗಿದ್ದನ್ನೇ ಅದು ವಿನ್ಯಾಸ ಅಂದುಕೊಂಡಿತ್ತು! ಮುಖ ಗುರುತಿಸುವ ಪ್ರೋಗ್ರಾಂ ಇನ್ನೂ ತಮಾಷೆ. ಕಪ್ಪು ಕನ್ನಡಕ ಹಾಕಿದ ಹೀರೋ ಅದಕ್ಕೆ ಕಾಣುತ್ತಿರಲಿಲ್ಲ, ಹಿಂದೆ ಗೋಡೆ ಮೇಲಿದ್ದ ದೇವರ ಪಟ ಕಾಣುತ್ತಿತ್ತು. ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಮನೆಯಲ್ಲಿ ಕೇಳಿದರೆ ಇವತ್ತಿಗೂ ಎಂಟು ಸಾವಿರ ಅಂತಲೇ ಹೇಳುತ್ತೇನೆ.

ಕೊನೆಗೆ ಕೆಲಸಕ್ಕೆ ಬಂದಿದ್ದು ಕಪ್ಪು ರಟ್ಟಿನ ತುಂಡು. ಅದರಿಂದ ಮುಖ ಮುಚ್ಚಿಬಿಡುತ್ತೇನೆ. ಮುಖ ಕಾಣುತ್ತಿದ್ದರೆ ಕಣ್ಣು ಅಲ್ಲೇ ಕೂತುಬಿಡುತ್ತದೆ. ಅಣ್ಣಾವ್ರು ನಗುತ್ತಿದ್ದರೆ ಯಾರು ತಾನೇ ಬೆಲೆಯ ಚೌಕ ನೋಡುತ್ತಾರೆ, ಅಲ್ವಾ? ಮುಚ್ಚಿದ ಮೇಲೆ ಉಳಿದಿದ್ದೆಲ್ಲ ತಾನಾಗಿ ಎದ್ದು ಬರುತ್ತದೆ. ಹೆಸರಿನ ಪಟ್ಟಿ, ಅಂದರೆ ಮೇಲೆ ಪತ್ರಿಕೆಯ ಹೆಸರು ಇರುವ ಜಾಗ, ಪುಟದ ಎತ್ತರದಲ್ಲಿ ಎಷ್ಟನೇ ಭಾಗ, ತಲೆ ಅದರ ಮೇಲೆ ಹತ್ತಿದೆಯೋ ಕೆಳಗೇ ನಿಂತಿದೆಯೋ, ಹಿನ್ನೆಲೆ ಒಂದೇ ಬಣ್ಣದ್ದೋ ನಿಜವಾದ ಜಾಗವೋ, ಶೀರ್ಷಿಕೆಗಳು ಎಷ್ಟು, ಅವು ಕೈಬರಹವೋ ಟೈಪೋ. ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಸಾಲಾಗಿ ಬರೆಯುತ್ತೇನೆ, ಅಷ್ಟೇ.

ಇದರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಹೆಸರಿನ ಪಟ್ಟಿ. 'ರೂಪತಾರಾ', 'ಸುಧಾ', 'ತರಂಗ', 'ಅರಗಿಣಿ' ಬರೆದು ನೋಡಿ. ಒಂದರಲ್ಲೂ ಒತ್ತಕ್ಷರ ಇಲ್ಲ. ಕೆಳಗೆ ಏನೂ ಇಳಿಯದ ಕಾರಣ ಅಕ್ಷರದ ಬುಡಕ್ಕೇ ತಲೆ ತಂದು ನಿಲ್ಲಿಸಬಹುದು. 'ವಿಜಯಚಿತ್ರ' ಬರೆಯಿರಿ. ಕೊನೆಯ ಒತ್ತು ಕೆಳಗಿಳಿದು ಬಲಮೂಲೆಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ತಲೆ ತಂದರೆ ಒತ್ತು ಹಣೆಗೆ ಚುಚ್ಚುತ್ತದೆ. ಒಂದೋ ತಲೆ ಎಡಕ್ಕೆ ಸರಿಯಬೇಕು, ಇಲ್ಲವೇ ಇಡೀ ಚಿತ್ರ ಕೆಳಗೆ ಇಳಿಯಬೇಕು. ಶೀರ್ಷಿಕೆಗಳಲ್ಲೂ ಇದೇ ಪಾಡು. ಎರಡು ಸಾಲಿನಲ್ಲಿ ಮೇಲಿನದರ ಒತ್ತು ಕೆಳಗಿನದರ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕೈಯಲ್ಲಿ ಬರೆಯುವ ಕಲಾವಿದ ಒತ್ತನ್ನು ಚಿಕ್ಕದು ಮಾಡಿ, ಪಕ್ಕಕ್ಕೆ ಎಳೆದು, ಜಾಗ ಹೊಂದಿಸುತ್ತಿದ್ದ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಬಂದ ಮೇಲೆ ಆ ಹೊಂದಾಣಿಕೆ ಹೋಯಿತು. ಸಾಲುಗಳ ನಡುವೆ ಅಂತರ ಬೆಳೆಯಿತು, ಅಕ್ಷರದ ಸುತ್ತ ಬಿಳಿ ಅಂಚು, ಅದರಾಚೆ ನೆರಳು ಬಂತು. ಸಾಲಿನ ಅಂತರ ನೋಡಿದರೆ ಸಾಕು, ಪುಟ ಕಂಪ್ಯೂಟರಿಗಿಂತ ಮೊದಲಿನದೋ ಆಮೇಲಿನದೋ ಹೇಳಿಬಿಡುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಆ ಕಾಲದಲ್ಲಿ ಪತ್ರಿಕೆಯನ್ನು ಯಾರೂ ಹೀಗೆ ಮೇಜಿನ ಮೇಲಿಟ್ಟು ನೋಡುತ್ತಿರಲಿಲ್ಲ. ಗೂಡಂಗಡಿಯಲ್ಲಿ ದಾರ ಕಟ್ಟಿ, ಕ್ಲಿಪ್ ಹಾಕಿ, ಒಂದರ ಮೇಲೊಂದು ನೇತುಹಾಕುತ್ತಿದ್ದರು. ನಮ್ಮ ಹಜಾರದಲ್ಲೇ ದಾರ ಕಟ್ಟಿ ಹಳೇ ಮುಖಪುಟ ನೇತುಹಾಕಿ, ಬಾಗಿಲಾಚೆ ನಿಂತು ನೋಡಿದೆ. ಒಂದರ ಮೇಲೊಂದು ಬಂದಾಗ ಕಾಣುವುದು ಮೇಲಿನ ಪಟ್ಟಿ ಮತ್ತು ಒಂದು ಅಂಚು ಮಾತ್ರ. ಹೆಸರು, ಕಣ್ಣು, ಎಡಕ್ಕಿರುವ ಒಂದು ಶೀರ್ಷಿಕೆ ಮೇಲಿನ ಮೂರನೇ ಒಂದು ಭಾಗದಲ್ಲೇ ತುಂಬಿರುವುದು ಯಾಕೆ ಅಂತ ಆಗ ಅರ್ಥವಾಯಿತು. ಕೆಳಗಿನ ಅರ್ಧ ನಟಿಯ ಸೀರೆಗೆ ಬಿಟ್ಟಿದ್ದು. ಮಗಳು "ಅಪ್ಪಾ, ಬಟ್ಟೆ ಒಣಗಿಸೋ ದಾರ ವಾಪಸ್ ಕೊಡಿ" ಅಂದ ಮೇಲೆ ಪ್ರಯೋಗ ಮುಗಿಯಿತು.

ಸೀರೆ ಅಂದಾಗ ನೆನಪಾಯಿತು. ಅರವತ್ತರ ದಶಕದಲ್ಲಿ ನಮ್ಮ ಸಿನಿಮಾಗಳು ಹೆಚ್ಚುಕಮ್ಮಿ ಎಲ್ಲ ಕಪ್ಪು ಬಿಳುಪು. ತೆರೆಯ ಮೇಲೆ ಬೂದಿ ಬಣ್ಣದಲ್ಲಿ ಕಂಡ ನಟಿಯ ಸೀರೆ ಹಸಿರೋ ಕೆಂಪೋ ಅಂತ ಜನ ನೋಡಿದ್ದು ಮುಖಪುಟ ಮತ್ತು ಕ್ಯಾಲೆಂಡರುಗಳಲ್ಲಿ. ಹಾಗಾಗಿ ಆ ಪುಟಗಳಲ್ಲಿ ಬಣ್ಣ ಕಿರುಚುತ್ತದೆ. ಗಿಳಿಹಸಿರು ಹಿನ್ನೆಲೆಯ ಮುಂದೆ ಗುಲಾಬಿ ಸೀರೆ ನಿಲ್ಲಿಸುತ್ತಾರೆ. ಅದನ್ನು ಕೀಳು ಅಭಿರುಚಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬಣ್ಣ ತೋರಿಸುವುದೇ ಅಲ್ಲಿನ ಕೆಲಸ. ಸಿನಿಮಾದಲ್ಲೇ ಬಣ್ಣ ಮಾಮೂಲಾದ ಮೇಲೆ ಮುಖಪುಟದ ಕಿರುಚಾಟ ಇಳಿದು, ಮುಖ ದೊಡ್ಡದಾಗುತ್ತಾ ಹೋಯಿತು.

ಆದರೆ ಬಣ್ಣ ನೋಡುವಾಗ ಹುಷಾರು. ಬಿಸಿಲು ಬಿದ್ದ ಪುಟದಲ್ಲಿ ಅಚ್ಚಿನ ನಾಲ್ಕು ಶಾಯಿಗಳ ಪೈಕಿ ಹಳದಿ, ಮಜೆಂಟಾ (ಗುಲಾಬಿಗೆಂಪು) ಮೊದಲು ಹಾರುತ್ತವೆ. ಉಳಿದ ಸಯಾನ್ (ತಿಳಿನೀಲಿ) ಮತ್ತು ಕಪ್ಪು ಸೇರಿ ಎಲ್ಲವೂ ನೀಲಿ ತಿರುಗುತ್ತದೆ. ಪಿನ್ ಹೊಡೆದ ಮಡಿಕೆಯ ಒಳಗೆ, ತುಕ್ಕಿನ ಪಕ್ಕದಲ್ಲಿ ಬೆರಳಗಲ ಜಾಗದಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಅಲ್ಲಿಂದ ಇಡೀ ಪುಟದ ಬಣ್ಣ ಲೆಕ್ಕ ಹಾಕುವ ನನ್ನದೇ ಒಂದು ದಾರಿ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ.

ಭೂತಗನ್ನಡಿ ಹಿಡಿಯುವುದನ್ನು ಮರೆಯಬೇಡಿ. ಲೆಟರ್‌ಪ್ರೆಸ್, ಅಂದರೆ ಉಬ್ಬಿದ ಅಚ್ಚನ್ನು ಕಾಗದಕ್ಕೆ ನೇರವಾಗಿ ಒತ್ತುವ ಹಳೇ ಮುದ್ರಣದ ಬ್ಲಾಕಿನ (ಚಿತ್ರದ ಅಚ್ಚಿನ) ಚುಕ್ಕೆಯ ಅಂಚಿನಲ್ಲಿ ಶಾಯಿ ಗಟ್ಟಿಯಾಗಿ ಕೂತಿರುತ್ತದೆ. ರಬ್ಬರ್ ಹೊದಿಕೆಯ ಮೂಲಕ ಮುದ್ರಿಸುವ ಆಫ್‌ಸೆಟ್‌ನ ಚುಕ್ಕೆ ಒಂದೇ ಸಮ. ರಿಜಿಸ್ಟ್ರೇಷನ್, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು, ತಪ್ಪಿದ್ದರೆ ತುಟಿಯ ಕೆಂಪು ತುಟಿ ಬಿಟ್ಟು ಆಚೆ ನಿಂತಿರುತ್ತದೆ. ಕಪ್ಪು ಬಿಳುಪು ಫೋಟೊಗೆ ಕೈಯಲ್ಲಿ ಬಣ್ಣ ಹಚ್ಚಿದ್ದರೆ ಚರ್ಮವೆಲ್ಲ ಒಂದೇ ಕಿತ್ತಳೆ, ಕಿವಿಯ ಹಿಂದೆಯೂ ನೆರಳಿಲ್ಲ.

ಇಷ್ಟು ಮಾಡಿ ವರ್ಷ ಬರೆದಿಟ್ಟ ಮೇಲೆಯೇ ಪುಟ ಮಗುಚಿ ಹಿಂಬದಿಯ ಜಾಹೀರಾತು ನೋಡುತ್ತೇನೆ. ಅದು ನನ್ನ ತಾಳೆಪಟ್ಟಿ. ಬೆಲೆ 'ನ.ಪೈ.' (ನಯಾ ಪೈಸೆ) ಅಂತಿದ್ದರೆ 1957ರಿಂದ 1964ರ ಒಳಗಿನದು. 1964ರ ಜೂನ್‌ನಲ್ಲಿ 'ನಯಾ' ಹೋಗಿ ಬರೀ ಪೈಸೆ ಆಯಿತು. ಅಂಗಡಿ ವಿಳಾಸ 'ಬೆಂಗಳೂರು-9' ಅಂತಿದ್ದರೆ ಹಳೆಯದು, 560009 ಅಂತಿದ್ದರೆ 1972ರ ಆಗಸ್ಟ್ ಆದ ಮೇಲಿನದು. ಆದರೂ ಕೆಲವು ಅಂಗಡಿಯವರು ಹಳೇ ಬ್ಲಾಕನ್ನೇ ವರ್ಷಗಟ್ಟಲೆ ಓಡಿಸುತ್ತಿದ್ದರು. ಹಾಗಾಗಿ ಪಿನ್‌ಕೋಡ್ ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಸಾಕ್ಷಿಯಲ್ಲ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು ಅನ್ನುವುದಕ್ಕೂ ಇದೇ ಎಚ್ಚರಿಕೆ ಇರಲಿ.

ಬಳಗದವರು ಪರೀಕ್ಷೆ ಇಟ್ಟರು. ಇಡೀ ಸಂಚಿಕೆಗಳನ್ನೇ ತಂದು, ಮುಖಪುಟ ಬಿಟ್ಟು ಮಿಕ್ಕಿದ್ದನ್ನು ಪೇಪರಿನಿಂದ ಕಟ್ಟಿ ಕೊಟ್ಟರು. ಮೂವತ್ತರ ಆಸುಪಾಸು ಇದ್ದವು. ಇಪ್ಪತ್ತಕ್ಕೂ ಜಾಸ್ತಿ ಎರಡು ವರ್ಷದ ಅಂತರದೊಳಗೆ ಬಂದವು. ವಿಗ್ ನೋಡಿ ಹೇಳುವ ಹಿರಿಯರೊಬ್ಬರು ಹತ್ತನ್ನೂ ದಾಟಲಿಲ್ಲ. ಅವತ್ತಿನ ಕಾಫಿ, ಮಸಾಲೆದೋಸೆ ಅವರ ಲೆಕ್ಕ. ಆಮೇಲೆ ವರ್ಷ ಗುರುತು ಹಾಕಿದ ಮುಖಪುಟ ಕೆಲವನ್ನು ಮಾರಿದೆ. ಇಪ್ಪತ್ತು ಮೂವತ್ತಕ್ಕೆ ತಂದಿದ್ದು ಮುನ್ನೂರರವರೆಗೂ ಹೋಯಿತು. ಸ್ಕ್ಯಾನರಿನ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂತು.

ಮುಂಬೈನ ಇಂಗ್ಲಿಷ್ ಸಿನಿಮಾ ಪತ್ರಿಕೆಗಳ ಮೇಲೂ ಇದೇ ನೋಟ್‌ಬುಕ್ ಇಟ್ಟು ನೋಡಿದೆ. 1952ರಲ್ಲಿ ಶುರುವಾದ ಫಿಲ್ಮ್‌ಫೇರ್‌ನ ಮೊದಲ ಮುಖಪುಟ ಕಾಮಿನಿ ಕೌಶಲ್ ಅವರದ್ದು. 1971ರ ಅಕ್ಟೋಬರ್‌ನ ಸ್ಟಾರ್‌ಡಸ್ಟ್ ಮೊದಲ ಸಂಚಿಕೆಯಲ್ಲಿ ರಾಜೇಶ್ ಖನ್ನಾ. ಸ್ಟಾರ್‌ಡಸ್ಟ್ ಬೆಳೆದಿದ್ದೇ ಗಾಸಿಪ್ಪಿನ ಮೇಲೆ. ಅಲ್ಲಿ ಮುಖಕ್ಕಿಂತ ಶೀರ್ಷಿಕೆಯೇ ಜೋರು ಮಾತಾಡುತ್ತದೆ. ಹಾಗಾಗಿ ಅದಕ್ಕೆ ಒತ್ತಕ್ಷರದ ಲೆಕ್ಕ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಎಣಿಸುವ ಬೇರೆ ಕಾಲಂ ಹಾಕಬೇಕಾಯಿತು. ಅದಿನ್ನೂ ಹದಕ್ಕೆ ಬಂದಿಲ್ಲ. ಎಪ್ಪತ್ತರ ದಶಕದ್ದು ಸಿಕ್ಕಿದರೆ ಹೇಳಿ, ಕೊಳ್ಳುತ್ತೇನೆ. ತೊಂಬತ್ತರ ನಂತರದ್ದು ಬೇಡ. ಅವುಗಳ ಹಿಂಬದಿಯಲ್ಲಿ ಫೋನ್ ನಂಬರಿಗೆ ಎಷ್ಟು ಅಂಕಿ ಅಂತ ಎಣಿಸಿದರೆ ನೀವೇ ಕಾಲ ಹೇಳಬಹುದು.