ಚಿಟ್ಟೆ ಬೇಕು, ಹುಳು ಬೇಡ ಅಂದರೆ ಹೇಗೆ?

ಹೂಗಿಡ ನೆಟ್ಟು ಚಿಟ್ಟೆಗಾಗಿ ಕಾಯುವವರು ಒಂದನ್ನು ಮರೆಯುತ್ತಾರೆ. ಹೂವು ಚಿಟ್ಟೆಗೆ ಊಟದ ಮನೆ ಅಷ್ಟೇ, ಬಾಣಂತಿ ಕೋಣೆ ಬೇರೆಯೇ ಇದೆ. ನಿಂಬೆ ಚಿಟ್ಟೆ ಮೊಟ್ಟೆಯಿಡುವುದು ನಿಂಬೆ, ಕರಿಬೇವಿನಂಥ ಗಿಡಗಳ ಎಲೆಯ ಮೇಲೆ. ಎಕ್ಕದ ಎಲೆಯನ್ನೇ ಮೇಯ್ದು ಚಿಟ್ಟೆಯಾಗುವ ಹುಳುಗಳೂ ಇವೆ.

ಹಾಗಾಗಿ ಚಿಟ್ಟೆ, ಹಕ್ಕಿ, ಜೇನು, ಕಪ್ಪೆಗಳೆಲ್ಲ ಬಂದು ನೆಲೆಸುವ ತೋಟ ಬೇಕಿದ್ದರೆ ಮೊದಲ ಕೆಲಸ, ಕೀಟನಾಶಕದ ಡಬ್ಬಿಯನ್ನು ತೋಟದಿಂದಾಚೆ ಇಡುವುದು. ಎಲೆ ತೂತಾದರೆ ಆಗಲಿ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಗುಟುಕು ಕೊಡುವುದು ಹೆಚ್ಚಾಗಿ ಹುಳುಗಳನ್ನೇ.

ಆಮೇಲೆ ಗಿಡ. ನೆಲಕ್ಕೆ ಹುಲ್ಲು, ನಡುವೆ ಪೊದೆ, ಮೇಲೆ ಬಳ್ಳಿ ಅಥವಾ ಚಿಕ್ಕ ಮರ, ಹೀಗೆ ಮೂರು ಎತ್ತರವಿರಲಿ. ನಿಮ್ಮ ಸೀಮೆಯಲ್ಲಿ ತಾನಾಗಿ ಬೆಳೆಯುವ ಗಿಡಗಳಿಗೇ ಮೊದಲ ಮಣೆ. ಸುತ್ತುಸುತ್ತಾಗಿ ಎಸಳು ತುಂಬಿದ ಹೂ ನೋಡಲು ಚೆಂದ, ಆದರೆ ಅದರಲ್ಲಿ ಬಹುಪಾಲು ಕೇಸರಗಳೇ ಎಸಳಾಗಿರುತ್ತವೆ. ಜೇನಿಗೆ ಸಿಗುವುದು ಅಷ್ಟಕ್ಕಷ್ಟೇ.

ನೀರಿದ್ದರೆ ತೋಟದ ಸೊಬಗೇ ಬೇರೆ. ಅಗಲ ಬಾಯಿಯ ಟಬ್ಬನ್ನು ನೆಲದಲ್ಲಿ ಹೂತು ಮಳೆನೀರು ತುಂಬಿಸಿ. ಬಿದ್ದ ಅಳಿಲೋ ಕಪ್ಪೆಯೋ ಹತ್ತಿ ಬರಲು ಒಂದು ಬದಿಗೆ ಕಲ್ಲುಗಳನ್ನು ಮೆಟ್ಟಿಲಂತೆ ಜೋಡಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮೇಲೊಂದು ಗಟ್ಟಿ ಜಾಲರಿ ಬೇಕೇ ಬೇಕು. ಮೀನು ಬಿಡುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಮೀನು ಗೊದಮೊಟ್ಟೆಗಳನ್ನೂ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ನುಂಗಿಬಿಡುತ್ತದೆ. ಸೊಳ್ಳೆಮರಿಗಳನ್ನು ಬೇಟೆಯಾಡುವುದು ಆ ಏರೋಪ್ಲೇನ್ ಚಿಟ್ಟೆಯ ಮರಿಗಳೇ. ಅವು ನೆಲೆಯೂರುವ ತನಕ ಸೊಳ್ಳೆಮರಿ ಕಂಡಾಗಲೆಲ್ಲ ಚಹಾ ಸೋಸುವ ಜರಡಿಯಲ್ಲಿ ಎತ್ತಿ ಹಾಕಿ. ಹಕ್ಕಿಗೆಂದು ಇಟ್ಟ ತಟ್ಟೆಯ ನೀರನ್ನಂತೂ ಎರಡು ದಿನಕ್ಕೊಮ್ಮೆ ಚೆಲ್ಲಿ, ತಿಕ್ಕಿ ತೊಳೆಯಿರಿ. ಬೆಚ್ಚನೆಯ ಹವೆಯಲ್ಲಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು 7ರಿಂದ 10 ದಿನ ಸಾಕು.

ಇನ್ನು ಅಚ್ಚುಕಟ್ಟು ಇಷ್ಟಪಡುವವರಿಗೆ ಕಷ್ಟವಾಗುವ ಭಾಗ. ಒಂದು ಮೂಲೆಯನ್ನು ಗುಡಿಸಬೇಡಿ. ತರಗೆಲೆ, ಕೊಳೆಯುವ ದಿಮ್ಮಿ, ಕಲ್ಲಿನ ಗುಡ್ಡೆ ಅಲ್ಲೇ ಬಿದ್ದಿರಲಿ. ಹಲ್ಲಿ, ಕಪ್ಪೆ, ಜೀರುಂಡೆಗಳಿಗೆ ಅದೇ ಅರಮನೆ. ಹಾವಿನ ಅಂಜಿಕೆಯಿದ್ದರೆ ಆ ಮೂಲೆ ಬಾಗಿಲಿಗೆ ದೂರವಿರಲಿ, ಬರಿಗೈ ಹಾಕಬೇಡಿ. ಪಕ್ಕದಲ್ಲೇ ಬಿಸಿಲು ಬೀಳುವ ಒಂದಿಷ್ಟು ಬೋಳು ನೆಲವನ್ನೂ ಉಳಿಸಿ. ಗೂಡು ಕಟ್ಟಿ ಗುಂಪಾಗಿ ಬದುಕದ ಒಂಟಿ ಜೇನುಗಳಲ್ಲಿ ಹೆಚ್ಚಿನವು ಮಣ್ಣಲ್ಲೇ ಬಿಲ ತೋಡುತ್ತವೆ. ಉಳಿದವಕ್ಕೆ ಒಣ ಮರದ ತುಂಡಿನಲ್ಲಿ 3ರಿಂದ 10 ಮಿಲಿಮೀಟರ್ ಅಗಲದ ತೂತುಗಳನ್ನು ಕೊರೆದು, ಮಳೆ ತಾಗದ ಕಡೆ ಅಲುಗಾಡದಂತೆ ಕಟ್ಟಿ. ತೂತು ಆರಪಾರ ಆಗದಿರಲಿ.

ರಾತ್ರಿ ತೋಟದ ದೀಪ ಆರಿಸಿ. ಉರಿಯುತ್ತಿದ್ದರೆ ಹೂವಿಗೆ ಬರಬೇಕಾದ ಪತಂಗಗಳು ಬಲ್ಬನ್ನೇ ಸುತ್ತುತ್ತ ಬೆಳಗು ಮಾಡುತ್ತವೆ.