ಹೃದ್ರೋಗಿಗಳ ಸಿಆರ್‌ಪಿ ವರದಿಯನ್ನು ಓದುವುದು ಹೇಗೆ?

ಮಂಡ್ಯದ ಹಳ್ಳಿಗಳಿಂದ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರು ತಮ್ಮ ಕೊಲೆಸ್ಟ್ರಾಲ್ ಎಷ್ಟೆಂದು ಥಟ್ಟನೆ ಹೇಳುತ್ತಾರೆ. ಆದರೆ ಕೊಲೆಸ್ಟ್ರಾಲ್ ಒಂದನ್ನೇ ನೋಡಿದರೆ ಸಾಲದು. ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬು ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟುವುದರಲ್ಲಿ ಉರಿಯೂತಕ್ಕೂ ಪಾಲಿದ್ದು, ಅದರ ಸುಳಿವು ಯಕೃತ್ತು ತಯಾರಿಸುವ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂಬ ಪ್ರೋಟೀನಿನಿಂದ ಸಿಗುತ್ತದೆ.

ವೈದ್ಯರ ಚೀಟಿಯಲ್ಲಿ ‘ಹೈ ಸೆನ್ಸಿಟಿವಿಟಿ ಸಿಆರ್‌ಪಿ’ ಎಂದೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಸೋಂಕಿನ ಪತ್ತೆಗೆ ಬಳಸುವ ಸಾಮಾನ್ಯ ಸಿಆರ್‌ಪಿ ಪರೀಕ್ಷೆ ಸಣ್ಣ ಪ್ರಮಾಣಗಳನ್ನು ನಿಖರವಾಗಿ ಅಳೆಯುವುದಿಲ್ಲ. ಹೈ ಸೆನ್ಸಿಟಿವಿಟಿ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ.

ರಕ್ತ ಕೊಡುವ ದಿನದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ನೆಗಡಿ, ಜ್ವರ, ವಸಡಿನ ಬಾವು, ಕಬ್ಬು ಕಡಿಯುವಾಗ ಕಾಲಿಗೆ ತಗುಲಿ ಕೀವು ಕಟ್ಟಿದ ಗಾಯ, ಇವುಗಳಲ್ಲಿ ಯಾವುದಿದ್ದರೂ ಸಿಆರ್‌ಪಿ ಏರುತ್ತದೆ. ಹೃದಯಾಘಾತವೇ ಅದನ್ನು ಕೆಲವು ವಾರ ಏರಿಸಿಡುತ್ತದೆ. ಆದ್ದರಿಂದ ಮೈ ಹಗುರವಾಗಿರುವ ದಿನಗಳಲ್ಲಿ, ಸುಮಾರು ಎರಡು ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸರಾಸರಿ ತೆಗೆಯುವುದು ಸರಿಯಾದ ಕ್ರಮ. ಒಂದೇ ವರದಿ ಹಿಡಿದು ಹೆದರಿದವರನ್ನು ಕಂಡಾಗ ಇದನ್ನು ಮತ್ತೆ ಮತ್ತೆ ಹೇಳಬೇಕೆನಿಸುತ್ತದೆ.

ವರದಿ ಬಂದಾಗ ಅಂಕಿಗಿಂತ ಮೊದಲು ಮಾನವನ್ನು ಓದಿ: ಡೆಸಿಲೀಟರಿಗೆ 0.3 ಮಿಲಿಗ್ರಾಂ ಎಂದರೆ ಲೀಟರಿಗೆ 3 ಮಿಲಿಗ್ರಾಂ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3ರವರೆಗೆ ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. 10 ದಾಟಿದ್ದರೆ ಸೋಂಕು ಅಥವಾ ಬೇರೆ ಕಾರಣವನ್ನು ಹುಡುಕಿ, ಅದು ಗುಣವಾದ ಮೇಲೆ ಮರುಪರೀಕ್ಷೆ ಮಾಡಿಸಬೇಕು.

ಈ ಅಂಕಿಗೆ ತೂಕ ತಂದದ್ದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನ. ಹಿಂದೆ ಹೃದಯಾಘಾತವಾಗಿ, ಸಿಆರ್‌ಪಿ 2 ಅಥವಾ ಹೆಚ್ಚಿದ್ದ ಸುಮಾರು 10,000 ಜನರಲ್ಲಿ ಉರಿಯೂತವನ್ನಷ್ಟೇ ತಗ್ಗಿಸುವ ಚುಚ್ಚುಮದ್ದನ್ನು 150 ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಿಗೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಇಳಿಯದಿದ್ದರೂ, ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳ ಒಟ್ಟು ಅಪಾಯ ಶೇ 15ರಷ್ಟು ತಗ್ಗಿತು. ಮಾರಕ ಸೋಂಕುಗಳು ತುಸು ಹೆಚ್ಚಿದ್ದನ್ನೂ ಅದೇ ಅಧ್ಯಯನ ತೋರಿಸಿತು.

ಕೊಲೆಸ್ಟ್ರಾಲ್ ತಗ್ಗಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ. ಆದ್ದರಿಂದ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಗೌಟ್ ಎಂಬ ಕೀಲುಬಾವಿನ ಕಾಯಿಲೆಯ ಹಳೆಯ ಔಷಧ, ಉರಿಯೂತ ತಗ್ಗಿಸುವ ಕಾಲ್ಚಿಸಿನ್‌ನ 0.5 ಮಿಲಿಗ್ರಾಂ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಹೃದಯ ರಕ್ಷಣೆಗಾಗಿ ಒಪ್ಪಿಗೆ ಸಿಕ್ಕಿದೆಯಾದರೂ, ಮೂತ್ರಪಿಂಡ ದುರ್ಬಲವಾದವರಿಗೆ ಅದು ವಿಷವಾಗಬಲ್ಲದು. ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಳ್ಳುವ ಮಾತ್ರೆ ಅದಲ್ಲ.

ಪ್ರತಿ ವರದಿಯ ಅಂಚಿನಲ್ಲಿ ಆ ವಾರ ಜ್ವರ ಅಥವಾ ಗಾಯ ಇತ್ತೇ ಎಂದು ಬರೆದಿಟ್ಟು, ಹಳೆಯ ವರದಿಗಳೊಡನೆ ಹೃದ್ರೋಗ ತಜ್ಞರ ಮುಂದಿಡಿ.