ಪಿಪಿಎಫ್ ಖಾತೆಗೆ ಸಂಬಳದವರೆಗೂ ಕಾಯಬೇಡಿ

ಕೆಲಸ ಸಿಗಲಿ, ಆಮೇಲೆ ನೋಡೋಣ ಅಂತ ಕೂತಿರುವ ಹುಡುಗ ಹುಡುಗಿಯರು ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಈಗಲೇ ಒಂದು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ ತೆರೆದಿಡಿ. ಇದರ ಅವಧಿ 15 ವರ್ಷ, ಆ ಲೆಕ್ಕ ಶುರುವಾಗುವುದು ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ. ಎಷ್ಟು ಕಟ್ಟಿದಿರಿ ಅನ್ನೋದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇಪ್ಪತ್ತಕ್ಕೆ ತೆರೆದರೆ ಮೂವತ್ತಾರರ ಹೊತ್ತಿಗೆ ಅವಧಿ ಮುಗಿದಿರುತ್ತದೆ. ನಡುವೆ ಕೈಯಲ್ಲಿ ದುಡ್ಡು ಓಡಾಡಿದ ವರ್ಷ 1.5 ಲಕ್ಷದವರೆಗೂ ಕಟ್ಟಬಹುದು. ಸಾಗರ, ತೀರ್ಥಹಳ್ಳಿ ಕಡೆಯ ತೋಟದವರು ಅಡಿಕೆ ಮಂಡಿಯಿಂದ ಬಂದ ದುಡ್ಡನ್ನು ತಿಂಗಳ 5ನೇ ತಾರೀಖಿನೊಳಗೆ ಹಾಕಿ. ಬಡ್ಡಿ ಸಿಗುವುದು 5ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ. 6ಕ್ಕೆ ಕಟ್ಟಿದರೆ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಹೋಯ್ತು ಅಂತಲೇ. ಒಂದು ವರ್ಷ 500 ಕಟ್ಟೋದು ಮರೆತರೂ ಖಾತೆ ನಿಂತುಹೋಗುತ್ತದೆ. ಮತ್ತೆ ಚಾಲೂ ಮಾಡಲು ಬಾಕಿಯ ಜೊತೆ ವರ್ಷಕ್ಕೆ 50 ರೂಪಾಯಿ ದಂಡ ಕಟ್ಟಬೇಕು. ಜಾಸ್ತಿ ಬಡ್ಡಿಯ ಸಾಲ ಇರುವವರಿಗೆ, ಎರಡು ಮೂರು ವರ್ಷದಲ್ಲೇ ಮನೆ ಕಟ್ಟುವವರಿಗೆ ದೊಡ್ಡ ಮೊತ್ತ ಇಲ್ಲಿ ಹಾಕುವುದು ಆಗಿಬರುವುದಿಲ್ಲ. ಅವರು ಸುಮ್ನೆ ವರ್ಷಕ್ಕೆ 500 ಕಟ್ಟಿಕೊಂಡು ಖಾತೆ ಉಳಿಸಿಕೊಂಡರೆ ಸಾಕು.